ಮೇಣದ ಮೇಲಿನ ಹೆಸರು

ಶಿಷ್ಯ ಕೇಳಿದ: “ಗುರುಗಳೇ, ನೀವು ಕಲಿಸಿದ ಮಾತು ಒಂದು ಹೇಳುತ್ತದೆ, ನನ್ನೊಳಗೆ ತಿಳಿಯುವುದು ಇನ್ನೊಂದು. ಆಗ ಕೆಟ್ಟಿರುವುದು ನಾನೇ ಅಲ್ಲವೇ?”

ಅವನು ಹೊರಟುಹೋಗಬೇಕೆಂದು ಬಟ್ಟೆಗಂಟು ಕಟ್ಟಿಕೊಂಡೇ ಬಂದಿದ್ದ. ಗುರುಗಳು ಕೂರಲು ಹೇಳಿ ಈ ಕತೆ ಹೇಳಿದರು.

ಒಬ್ಬ ವೈಣಿಕನಿದ್ದ. ಒಂದು ಸ್ಥಾಯಿಯಲ್ಲಿ ಎಲ್ಲರೂ ನುಡಿಸುವ ಹನ್ನೆರಡು ಸ್ವರ ಅವನಿಗೆ ಸಾಲಲಿಲ್ಲ. ನಡುವೆ ಇನ್ನೂ ಕೆಲವು ಅವನಿಗೆ ಕೇಳಿಸುತ್ತಿದ್ದವು. ವೀಣೆ ಮಾಡುವ ಆಚಾರಿಯ ಪಕ್ಕ ಕುಳಿತು, ಒಂದೊಂದನ್ನೂ ಕೇಳಿ ನೋಡಿ, ಸ್ಥಾಯಿಗೆ ಹತ್ತೊಂಬತ್ತು ಮೆಟ್ಟಿಲುಗಳ ವೀಣೆ ಮಾಡಿಸಿದ. ತಂತಿಯ ಕೆಳಗೆ ಬೆರಳು ಒತ್ತುವ ಮೆಟ್ಟಿಲು ಹಿತ್ತಾಳೆಯದು; ಅದನ್ನು ಹಿಡಿದು ನಿಲ್ಲಿಸುವುದು ಮೇಣ.

ಹೊಸ ಸ್ವರಗಳಿಗೆ ಹೆಸರಿರಲಿಲ್ಲ. ಹೆಸರಿಲ್ಲದ್ದನ್ನು ಕಲಿಸುವುದು ಹೇಗೆ? ಎರಡು ವರ್ಷ ಯೋಚಿಸಿ ಹೆಸರಿಟ್ಟ. ರಿಷಭವನ್ನು ದಾಟಿ ಗಾಂಧಾರವನ್ನು ಮುಟ್ಟದ ಒಂದಕ್ಕೆ ಹೊಸಿಲು ಎಂದ. ಧೈವತದ ಆಚೆಯದಕ್ಕೆ ಮುಸ್ಸಂಜೆ ಎಂದ. ಎರಡು ಸ್ವರಗಳ ನಡುವಿನ ಕಿರಿದಾದ ಅಂತರ ಎಳೆ, ಅಗಲವಾದದ್ದು ಹುರಿ. ಹೆಸರುಗಳನ್ನು ತಾಳೆಗರಿಯ ಚೂರುಗಳ ಮೇಲೆ ಬರೆದು, ಆಯಾ ಮೆಟ್ಟಿಲಿನ ಪಕ್ಕದ ಮೇಣಕ್ಕೆ ಒತ್ತಿದ. ಕಲಿಯುವವರು ಬಂದರು. ಹೊಸಿಲು ಎಂದರೆ ಎಲ್ಲರ ಬೆರಳೂ ಒಂದೇ ಕಡೆ ಹೋಗುತ್ತಿತ್ತು.

ಒಂದು ಬೇಸಿಗೆಯಲ್ಲಿ ಹೊಸಿಲು ಅವನಿಗೆ ಕರ್ಕಶವಾಗಿ ಕೇಳಿಸಿತು. ಮರುದಿನವೂ ಹಾಗೆಯೇ. ಆಮೇಲೆ ಅದರ ಆಚೀಚೆಯ ನಾಲ್ಕೂ ಹಳಸಿದಂತೆ ಕೇಳಿಸಿದವು. ಬಗ್ಗಿ ನೋಡಿದ. ಬೆರಳು ಮೆಟ್ಟಿಲ ಮೇಲಿತ್ತು, ಮೆಟ್ಟಿಲ ಪಕ್ಕ ಹೆಸರಿತ್ತು, ಹೆಸರು ಅವನದೇ ಅಕ್ಷರದಲ್ಲಿತ್ತು. ಕಲಿಯುವವರನ್ನು ಕೇಳಿದ. ಅವರು ಹೆಸರು ಓದಿ, ಸರಿಯಾಗಿದೆ ಎಂದರು. ಹಾಗಾದರೆ ಕೆಟ್ಟದ್ದು ತನ್ನ ಕಿವಿ ಎಂದುಕೊಂಡ. ವಯಸ್ಸಾಯಿತು, ಸೂಕ್ಷ್ಮ ಹೋಯಿತು. ಕಿವಿ ಹೋದ ವೈಣಿಕನಿಗೆ ಉಳಿಯುವುದೇನು? ಮೂರು ತಿಂಗಳು ಯಾರಿಗೂ ಹೇಳದೆ ನುಡಿಸಿದ. ದಿನವೂ ಸುಳ್ಳು ಹೇಳಿದಂತಾಗುತ್ತಿತ್ತು. ಕೊನೆಗೆ ಪಾಠ ನಿಲ್ಲಿಸಿ, ವೀಣೆಯನ್ನು ಹೊತ್ತು ಆಚಾರಿಯ ಮನೆಗೆ ಹೋದ.

“ನನ್ನ ಕಿವಿ ಹೋಯಿತು ಆಚಾರ್ರೇ. ಕಿವಿ ಇರುವವರು ಯಾರಾದರೂ ಸಿಕ್ಕರೆ ಇದನ್ನು ಕೊಟ್ಟುಬಿಡಿ.”

ಆಚಾರಿ ವೀಣೆಯನ್ನು ಇಳಿಸಿಕೊಂಡ. ಮೇಣದ ಮೇಲೆ ಉಗುರು ಎಳೆದ. ಐದು ಮೆಟ್ಟಿಲುಗಳ ಬಳಿ ಮೇಣ ಒಂದು ಕಡೆ ಉಬ್ಬಿತ್ತು, ಇನ್ನೊಂದು ಕಡೆ ತೆಳುವಾಗಿತ್ತು. ವೀಣೆಯನ್ನು ಎಲ್ಲಿ ಇಡುತ್ತೀರಿ ಎಂದು ಕೇಳಿದ. ಕಿಟಕಿಯ ಬಳಿ ಎಂದ ವೈಣಿಕ. ಆಚಾರಿ ತಾಳೆಗರಿಯ ಚೂರುಗಳನ್ನೆಲ್ಲ ಕಿತ್ತು ಬದಿಗಿಟ್ಟ. ವೈಣಿಕನನ್ನು ಗೋಡೆಗೆ ಮುಖ ಮಾಡಿ ಕೂರಿಸಿದ. ಕಬ್ಬಿಣ ಕಾಯಿಸಿ ಮೇಣವನ್ನು ಮೆತ್ತಗೆ ಮಾಡಿ, ಮೆಟ್ಟಿಲನ್ನು ಕೂದಲೆಳೆಯಷ್ಟೇ ಜರುಗಿಸುತ್ತ ತಂತಿ ಮೀಟಿದ. ವೈಣಿಕ ಅಲ್ಲ ಎಂದ, ಇನ್ನೂ ಅಲ್ಲ ಎಂದ, ಸಾಕು ಎಂದ. ಐದಕ್ಕೂ ಹೀಗೆಯೇ ಆಯಿತು.

ಆಮೇಲೆ ಆಚಾರಿ ಅವನನ್ನು ಹತ್ತಿರ ಕರೆದು, ಮೇಣದ ಅಂಚು ಕೆರೆದು ಮರವನ್ನು ತೋರಿಸಿದ. ವೀಣೆ ಮಾಡಿದಾಗ ಪ್ರತಿ ಮೆಟ್ಟಿಲಿನ ಜಾಗಕ್ಕೆಂದು ಉಳಿಯಿಂದ ಗೀರಿದ್ದ ಗುರುತುಗಳು ಅಲ್ಲಿದ್ದವು. ಐದು ಮೆಟ್ಟಿಲೂ ಈಗ ಗುರುತಿನ ಮೇಲೆಯೇ ನಿಂತಿದ್ದವು.

“ಇವು ಊರವರ ಹನ್ನೆರಡು ಸ್ವರಗಳಾಗಿದ್ದರೆ ಮೊದಲ ದಿನವೇ ಬಂದು, ಏನಯ್ಯಾ ಕೆಲಸ ಇದು ಎಂದು ನನ್ನನ್ನೇ ಬೈಯುತ್ತಿದ್ದಿರಿ ಸ್ವಾಮಿ,” ಎಂದ ಆಚಾರಿ. “ಬಿಸಿಲಿಗೆ ಮೇಣ ಜಾರಿದೆ. ಮೆಟ್ಟಿಲು ಜಾರುವಾಗ ನೀವಿಟ್ಟ ಹೆಸರನ್ನೂ ಹೊತ್ತುಕೊಂಡೇ ಜಾರಿದೆ. ಕಿವಿ ಹೋಯಿತಂತೆ, ಕಿವಿ.”

ಮೂರು ತಿಂಗಳು ಹಿಡಿದಿಟ್ಟಿದ್ದ ಉಸಿರು ವೈಣಿಕನ ಎದೆಯಿಂದ ಹೊರಬಂತು. ಅವನು ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡ. ಹೊಸಿಲನ್ನು ಮೀಟಿದ, ಮತ್ತೆ ಮೀಟಿದ. ಆಚಾರಿಯ ಹೆಂಡತಿ ಎರಡು ಸಲ ಊಟಕ್ಕೆ ಕರೆದದ್ದು ಅವನಿಗೆ ಕೇಳಿಸಲೇ ಇಲ್ಲ.

ಶಿಷ್ಯ ಕೇಳಿದ: “ಹಾಗಾದರೆ ಹೆಸರು ಬೇಡವೇ, ಗುರುಗಳೇ?”

“ಬೇಕು. ಅವನು ಆ ಚೂರುಗಳನ್ನು ಮರಳಿ ಮೇಣಕ್ಕೆ ಒತ್ತಿದ,” ಎಂದರು ಗುರುಗಳು. “ಆದರೆ ಮೂರು ತಿಂಗಳು ಅವನು ಅನುಮಾನಿಸಿದ್ದು, ಕದಲದೆ ಉಳಿದಿದ್ದ ತನ್ನ ಕಿವಿಯನ್ನೇ.”