ಬಟ್ಟೆ ಸುತ್ತಿಟ್ಟ ಟಾರ್ಚು

ಕಳೆದ ದೀಪಾವಳಿ ಮುಗಿದ ಸೋಮವಾರ ಪೈಪ್ ಕಾರ್ಖಾನೆಯಲ್ಲಿ ವೆಲ್ಡಿಂಗ್ ಆಡಿಟ್, ಅಂದರೆ ಬೆಸುಗೆ ಕೆಲಸದ ತಪಾಸಣೆ, ಇತ್ತು. ವೆಲ್ಡರ್ ಚೆನ್ನವೀರನ ಬಳಿ ಸಾಧನಗಳು ಎರಡು: ಕರೆಂಟಿನಲ್ಲಿ ಬೆಸೆಯಲು ರಾಡ್ ಹಿಡಿಯುವ ಹೋಲ್ಡರ್ ಮತ್ತು ಗ್ಯಾಸಿನಲ್ಲಿ ಬೆಸೆಯುವ ಟಾರ್ಚು. ಹೊಳೆಯುತ್ತಿದ್ದ ಟಾರ್ಚು ಹೋಲ್ಡರನ್ನು ಅಣಕಿಸಿತು.

"ಏನಣ್ಣ, ಈ ಮಸಿ ಮೋರೆಯಲ್ಲೇ ಆಡಿಟರ್ ಮುಂದೆ ನಿಲ್ಲುತ್ತೀಯಾ?"

"ನಿನ್ನೆ ಭಾನುವಾರವೂ ಕೆಲಸವಿತ್ತು ತಮ್ಮಾ. ಮುಖ ಒರೆಸಿಕೊಳ್ಳಲು ಬಿಡುವೆಲ್ಲಿ?"

ಆಡಿಟರ್ ಕೈಯಲ್ಲಿದ್ದ, ಬೆಸುಗೆ ಅಳೆಯುವ ಗೇಜು ಹೋಲ್ಡರ್ ಹಾಕಿದ ಬೆಸುಗೆಗಳನ್ನು ನೋಡಿ ಒಪ್ಪಿ, ಟಾರ್ಚಿನತ್ತ ತಿರುಗಿತು.

"ನೀನು ಕೊನೆಗೆ ಬೆಸೆದದ್ದು ಯಾವಾಗ?"

"ಯುಗಾದಿಯಲ್ಲಿ, ಚೆನ್ನವೀರ ನನ್ನಿಂದ ಬೆಸೆದು ತೋರಿಸಬೇಕಿದ್ದ ಪರೀಕ್ಷೆಯ ದಿನ. ಅವನು ಪಾಸಾದ. ಅಂದೇ ನನಗೆ ಬಟ್ಟೆ ಸುತ್ತಿಟ್ಟರು. ಇವತ್ತಿನವರೆಗೆ ಒಂದು ಗೀರೂ ಬಿದ್ದಿಲ್ಲ."

"ಒಂದು ಸಾಧನವನ್ನು ಆರು ತಿಂಗಳು ಬಳಸದಿದ್ದರೆ ಅದರಿಂದ ಬೆಸೆಯುವ ಅರ್ಹತೆ ವೆಲ್ಡರನಿಗೆ ಹೋಗುತ್ತದೆ. ಚೆನ್ನವೀರ ಇನ್ನು ನಿನ್ನನ್ನು ಹಿಡಿಯುವಂತಿಲ್ಲ. ನಾಳೆ ನಿನ್ನಿಂದ ಬೆಸೆಯಬೇಕಿದ್ದ ಬಾಯ್ಲರ್ ಪೈಪಿನ ಕೆಲಸ ಬೇರೆಯವರಿಗೆ."

ಟಾರ್ಚಿಗೆ ತಲೆಬುಡ ತಿಳಿಯಲಿಲ್ಲ.

"ಅವನ ಕೈ ಅದೇ, ನಾನೂ ಅದೇ. ಯುಗಾದಿಯಿಂದ ಒಂದೂ ಕೆಟ್ಟ ಬೆಸುಗೆ ಹಾಕಿಲ್ಲ. ತಪ್ಪು ಎಲ್ಲಾಯಿತು?"

"ಯುಗಾದಿಯಿಂದ ಒಳ್ಳೆಯವು ಎಷ್ಟು ಹಾಕಿದ್ದೀಯ?"

ಟಾರ್ಚು ಎರಡು ಸಲ ಎಣಿಸಿ ನೋಡಿತು. ಎರಡು ಸಲವೂ ಬಂದದ್ದು ಸೊನ್ನೆ.