ಸಾಹುಕಾರರು ಮುಚ್ಚಿಸಿದ ಕಿಟಕಿ

ಗಂಗಾವತಿಯಲ್ಲಿ ಮೌನೇಶ ಎಂಬ ವೆಲ್ಡರ್ ಇದ್ದ. ಬಾಡಿಗೆ ಮನೆಯ ಹಿಂದಿನ ಕೋಣೆಯೇ ಅವನ ವರ್ಕ್‌ಶಾಪು. ಮಹಡಿಯ ಮೇಲೆ ಮನೆ ಮಾಲೀಕರಾದ ಪಂಪಣ್ಣ ಸಾಹುಕಾರರ ವಾಸ.

ಒಂದು ದಿನ ಸಾಹುಕಾರರು ಗುಡುಗಿದರು: “ನಿನ್ನ ಹೊಗೆ ನನ್ನ ಬಾಲ್ಕನಿಗೆ ಬರಬಾರದು. ಕಿಟಕಿ, ಬಾಗಿಲು ಮುಚ್ಚಿಕೊಂಡು ಕೆಲಸ ಮಾಡು. ಇಲ್ಲಾಂದ್ರೆ ಮನೆ ಖಾಲಿ ಮಾಡು.”

ಗೋಡೆಗೊಂದು ತೂತು ಕೊರೆದು ಫ್ಯಾನು ಕೂರಿಸಿ, ಪೈಪಿನಲ್ಲಿ ಹೊಗೆಯನ್ನು ಚಾವಣಿಗಿಂತ ಮೇಲೆ ಬಿಡುತ್ತೇವೆ ಎಂದು ಮೌನೇಶನ ಹೆಂಡತಿ ಕಾಳವ್ವ ಬೇಡಿಕೊಂಡಳು.

“ನನ್ನ ಗೋಡೆ ಮುಟ್ಟಿದರೆ ನೋಡು!” ಎಂದರು ಸಾಹುಕಾರರು.

ಮೌನೇಶ ಮುಚ್ಚಿದ ಕೋಣೆಯಲ್ಲೇ ಕೆಮ್ಮುತ್ತಾ ಕೆಲಸ ಮಾಡತೊಡಗಿದ.

ಸ್ವಲ್ಪ ದಿನದ ಮೇಲೆ ಸಾಹುಕಾರರು, ಮೌನೇಶನಿಗೆ ಮಾಡಲು ಕೊಟ್ಟಿದ್ದ ತಮ್ಮ ಹೊಸ ಗೇಟು ಹೇಗಾಗುತ್ತಿದೆ ಎಂದು ನೋಡಲು ವರ್ಕ್‌ಶಾಪಿಗೆ ಬಂದರು. ಕಾಳವ್ವ ಕುರ್ಚಿ ಹಾಕಿ ಕೂರಿಸಿ, ಕಣ್ಣಿಗೆ ಕಪ್ಪು ಕನ್ನಡಕ ಕೊಟ್ಟಳು. ಆಮೇಲೆ ಕಿಟಕಿ ಮುಚ್ಚಿದಳು. ಬಾಗಿಲನ್ನೂ ಎಳೆದಳು.

“ಯಾಕಮ್ಮ ಮುಚ್ತೀ?”

“ನಿಮ್ಮ ಬಾಲ್ಕನಿಗೆ ಹೊಗೆ ಹೋಗಬಾರದಲ್ರೀ.”

ಮೌನೇಶ ವೆಲ್ಡಿಂಗ್ ಶುರು ಮಾಡಿದ. ಕಿಡಿ ಹಾರಿತು. ಹೊಗೆ ತುಂಬಿತು. ಸಾಹುಕಾರರು ಕೆಮ್ಮತೊಡಗಿದರು. “ತೆಗಿ, ಬಾಗಿಲು ತೆಗಿ!” ಎನ್ನುತ್ತಾ ಕುರ್ಚಿ ಕೆಡವಿ ಅಂಗಳಕ್ಕೆ ಓಡಿದರು.

ಕಾಳವ್ವ ನೀರು ತಂದುಕೊಟ್ಟಳು. ವಯಸ್ಸಾದವರನ್ನು ಹೀಗೆ ಕೆಮ್ಮಿಸಿದೆನಲ್ಲ ಎಂದು ಅವಳಿಗೂ ನಾಚಿಕೆಯಾಯಿತು. ಒಳಗೆ ಮೌನೇಶನ ಕೆಮ್ಮು ಇನ್ನೂ ಕೇಳುತ್ತಲೇ ಇತ್ತು.

ಸಾಹುಕಾರರು ತಲೆ ಎತ್ತದೆ ಕೇಳಿದರು: “ಅವನು ದಿನಾ ಹಿಂಗೇ ಕೂಡ್ತಾನಾ?”

“ನೀವು ಹೇಳಿದಾಗಿಂದ, ದಿನಾ.”



ಮರುದಿನ ಗಾರೆಯವನನ್ನು ಅವರೇ ಕರೆತಂದು, ಗೋಡೆ ಎಲ್ಲಿ ಕೊರೆಯಬೇಕೆಂದು ತೋರಿಸಿದರು. ಕಾಳವ್ವ ಕೊಟ್ಟ ಚಹಾವನ್ನು ಮಾತ್ರ, ಅವಳ ಮುಖ ನೋಡಲಾಗದೆ, ಗೋಡೆಯ ಕಡೆ ತಿರುಗಿಕೊಂಡೇ ಕುಡಿದರು.