ಬಿವಾದ ಝೇಂಕಾರ

"ಗುರುಗಳೇ, ನನ್ನ ದನಿಯ ಒರಟು ಹೋಗುವುದೇ ಇಲ್ಲವೆಂದರೆ ಹಾಡುವುದನ್ನು ಬಿಟ್ಟುಬಿಡಲೇ?" ಎಂದು ನೀಲಾಂಬಿಕೆ ಕೇಳಿದಳು. ವೈದ್ಯರು ಗಂಟಲಲ್ಲಿ ರೋಗವೇನೂ ಇಲ್ಲ ಎಂದಿದ್ದರು. ಆದರೂ ಸಭೆಯಲ್ಲಿ ಜನ ಮುಖ ಕಿವುಚುತ್ತಿದ್ದರು. ಮಾತಾಡುತ್ತಲೇ ಅವಳು ದಿನದ ಅಭ್ಯಾಸದಂತೆ ತಂಬೂರಿಯ ತಂತಿಯ ಅಡಿಗೆ ನೂಲೆಳೆಯನ್ನು ಸರಿಸಿ, ಝೇಂಕಾರ ಬರುವವರೆಗೆ ಮೀಟುತ್ತಿದ್ದಳು.

"ಬಿಡುವುದಂತೆ! ಬಿಡುವವಳು ಬೆಳಗ್ಗೆ ಎದ್ದು ಬಂದು ಶ್ರುತಿ ಮಾಡುತ್ತಾಳೆಯೇ? ಸುಮ್ಮನೆ ಒಂದು ಕತೆ ಕೇಳು" ಎಂದರು ಗುರುಗಳು.

"ಜಪಾನಿನಲ್ಲಿ ಒಬ್ಬ ಸಂಗೀತ ರಚನಕಾರನಿದ್ದ. ಅವನು ಹುಡುಗನಾಗಿದ್ದಾಗ ಯುದ್ಧ. ಶಾಲೆಯಲ್ಲಿ ದಿನವೂ ಸೈನ್ಯದ ಹಾಡುಗಳನ್ನೇ ಹಾಡಿಸಿದರು. ಯುದ್ಧ ಮುಗಿಯುವಷ್ಟರಲ್ಲಿ ತನ್ನ ನಾಡಿನ ಸಂಗೀತವೆಂದರೆ ಅವನಿಗೆ ಹೇಸಿಗೆ ಹುಟ್ಟಿತ್ತು. ಪಿಟೀಲು, ಪಿಯಾನೊ ಇಷ್ಟೇ ಸಾಕು ಎಂದುಕೊಂಡ. ಪಶ್ಚಿಮದ ರೀತಿಯಲ್ಲೇ ಬರೆದ, ಹೆಸರನ್ನೂ ಮಾಡಿದ.

"ಒಂದು ವಾದ್ಯವೃಂದದವರು ಬಂದು, ಪಿಟೀಲುಗಳ ಜೊತೆ ಬಿವಾ ಸೇರಿಸಿ ಬರೆದುಕೊಡಿ ಎಂದರು. ಬಿವಾ ಅವರ ಹಳೆಯ ತಂತಿವಾದ್ಯ. ದಾಕ್ಷಿಣ್ಯಕ್ಕೆ ಒಪ್ಪಿಕೊಂಡ. ನುಡಿಸಲು ಒಬ್ಬ ಮುದುಕಿ ಬಂದಳು. ಮೀಟಿದೊಡನೆ ತಂತಿ ಗುಂಯ್ ಎಂದಿತು. 'ಇದೇನಮ್ಮ, ಒಳಗೆ ದುಂಬಿ ಹೊಕ್ಕಿದೆಯೇ? ಮೊದಲು ಇದನ್ನು ಸರಿಮಾಡಿಸಿ' ಎಂದ. ಅವಳು ತಲೆಬಾಗಿದಳು. ದೊಡ್ಡವರಿಗೆ ಎದುರಾಡಿ ಗೊತ್ತಿಲ್ಲದ ಜೀವ. ಮನೆಗೆ ಹೋಗಿ, ತಂತಿ ಒರಗುವ ಮೆಟ್ಟುಗಳನ್ನು ಕೈಯಾರೆ ಅರದಿಂದ ಉಜ್ಜಿ ಆ ಸದ್ದನ್ನು ತೆಗೆದುಬಿಟ್ಟಳು.

"ಮರುದಿನ ತಾಲೀಮು. ಪಿಟೀಲುಗಳು ನಿಂತವು, ಅವಳು ಬಿವಾ ಮೀಟಿದಳು. ಟಕ್ ಎಂದು ನಾದ ಅಲ್ಲೇ ಸತ್ತಿತು. ಮತ್ತೆ ಮೀಟಿಸಿದ. ಮತ್ತೆ ಟಕ್. ಕಚೇರಿಗೆ ಉಳಿದದ್ದು ಮೂರೇ ದಿನ. 'ಅಯ್ಯೋ, ನಿನ್ನೆ ಇದ್ದ ನಾದ ಎಲ್ಲಿ ಹೋಯಿತು?' ಎಂದು ಗಾಬರಿಯಾದ. 'ತಾವು ಬೇಡವೆಂದದ್ದೇ ಅದು ಸ್ವಾಮಿ. ಆ ಗುಂಯ್ ಬರಲೆಂದೇ ನಮ್ಮ ಹಿರಿಯರು ಮೆಟ್ಟುಗಳನ್ನು ಹಾಗೆ ಕೆತ್ತುತ್ತಿದ್ದರು' ಎಂದು ಅವಳು ಅತ್ತುಬಿಟ್ಟಳು.

"ಅವನಿಗೆ ನಾಚಿಕೆಯಾಯಿತು. ಅವಳ ಪಕ್ಕದಲ್ಲೇ ಕೂತು ಹೊಸ ಮೆಟ್ಟುಗಳನ್ನು ಕೆತ್ತಿಸಿದ. ಬರೆದದ್ದನ್ನೂ ತಿದ್ದಿದ. ಬಿವಾ ಮೀಟಿದಾಗಲೆಲ್ಲ, ಅದರ ಗುಂಯ್ ತಾನಾಗಿ ಅಡಗುವವರೆಗೆ ಪಿಟೀಲುಗಳು ಕಾಯಬೇಕು ಎಂದ. ಕಚೇರಿಯ ದಿನ ಸಭೆಯೂ ಉಸಿರು ಬಿಗಿಹಿಡಿದು ಕಾಯಿತು. ಆಮೇಲೆ ಅವನು ಬರೀ ಪಿಯಾನೊಗೆ ಬರೆದಾಗಲೂ ನಾದ ಅಡಗುವವರೆಗೆ ಕಾಯುತ್ತಲೇ ಬರೆದ."

ನೀಲಾಂಬಿಕೆಗೆ ಕುತೂಹಲ ತಡೆಯಲಿಲ್ಲ. "ಅಲ್ಲಾ ಗುರುಗಳೇ, ಅಷ್ಟು ದೊಡ್ಡ ವಿದ್ವಾಂಸ. ಅದು ದೋಷವಲ್ಲವೆಂದು ಅವನಿಗೆ ಮೊದಲೇ ಯಾಕೆ ತಿಳಿಯಲಿಲ್ಲ?"

ಗುರುಗಳು ತಂಬೂರಿಯತ್ತ ಕೈ ತೋರಿಸಿದರು.

"ಗುಂಯ್ ಎನ್ನಲೆಂದು ದಿನವೂ ನೀನೇ ಇಡುವ ಆ ನೂಲೆಳೆಗಳನ್ನು ಮೊದಲು ಕಿತ್ತು ಬಿಸಾಡು, ಆಮೇಲೆ ನೀನು ಹಾಡು ಬಿಡುವ ಮಾತಾಡೋಣ."